ಆಯುಧಪೂಜೆಯ ದಿನದ ಭಾಗಾಕಾರ

ಮೇಟಗಳ್ಳಿಯ ನಮ್ಮ ನರ್ಸಿಂಗ್ ಹೋಮಿನಲ್ಲಿ ಪ್ರೇಮಲೀಲಾ ಸಿಸ್ಟರ್ ಯಾರ ಕೈ ಹಿಡಿದರೂ ಮನಸ್ಸಿನಲ್ಲೇ ಒಂದು ಭಾಗಾಕಾರ ಮಾಡುತ್ತಿದ್ದರು. ಸಂತೇಪೇಟೆಯ ದಿನಸಿ ಅಂಗಡಿಯಲ್ಲಿ ತಂದೆ ಸದಾಶಿವಯ್ಯನವರ ಪಕ್ಕ ಕೂತು ಬಾಯಿಲೆಕ್ಕ ಕಲಿತವರು ಅವರು. ಈ ಲೆಕ್ಕ ಕಲಿಸಿದ್ದು ಮಾತ್ರ ಸರ್ಜನ್ ಅನಂತಪದ್ಮನಾಭ.

"ನಾಡಿ ಬಡಿತವನ್ನ ಮೇಲಿನ ಬಿ.ಪಿ.ಯಿಂದ ಭಾಗಿಸಿ. ಉತ್ತರ ಅರ್ಧದಿಂದ ಮುಕ್ಕಾಲಿನೊಳಗಿದ್ರೆ ಸರಿ. ಒಂದರ ಹತ್ರ ಬಂತು ಅಂದ್ರೆ ಒಳಗೆಲ್ಲೋ ರಕ್ತ ಸೋರ್ತಿರಬಹುದು. ನನ್ನನ್ನ ಕರೀರಿ" ಎಂದಿದ್ದರು.

ತೊಂಬತ್ತೇಳರ ಆಯುಧಪೂಜೆ. ಹತ್ತಿರದ ಕಾರ್ಖಾನೆಯ ನಿಂಗಯ್ಯನವರನ್ನು ಬೆಳಗ್ಗೆ ಕರೆತಂದರು. ಲೇತ್ ಮೆಷಿನ್ನಿಗೆ ಬಾಳೆಕಂದು ಕಟ್ಟಲು ಸ್ಟೂಲು ಹತ್ತಿದವರು ಜಾರಿ, ಎಡ ಪಕ್ಕೆ ಮೆಷಿನ್ನಿನ ಅಂಚಿಗೆ ಬಡಿದಿತ್ತು. ಮೂಳೆ ಮುರಿದಿರಲಿಲ್ಲ. ನಾಡಿ, ಬಿ.ಪಿ. ಎರಡೂ ಚೆನ್ನಾಗಿದ್ದವು. ಸಂಜೆವರೆಗೆ ಇಲ್ಲೇ ಇರಲಿ ಎಂದು ಹೇಳಿ ಡಾಕ್ಟರು ಬನ್ನಿಮಂಟಪದ ಮನೆಗೆ ಹೊರಟರು. ಪ್ರತಿ ವರ್ಷದಂತೆ ಬಿ.ಪಿ. ಯಂತ್ರ, ಸ್ಟೆತಾಸ್ಕೋಪು ಎಲ್ಲ ಕುಂಕುಮ, ಹೂವು ಇಡಿಸಿಕೊಂಡು ಪೂಜೆಗೆ ಕೂತವು. ಮಂಗಳಾರತಿ ಆಗುವವರೆಗೆ ಮುಟ್ಟುವಂತಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಿಂಗಯ್ಯ ಎದ್ದು ಕೂತಿದ್ದರು. "ಬುಟ್ಬುಡಿ ಕಣಮ್ಮ. ಬೂದುಗುಂಬಳ ಒಡೆಯೋನು ನಾನೇ. ಆ ಸೂಪರ್‌ವೈಸರ್ ಒಡೆಯಕ್ಕೋದ್ರೆ ಕಾಲ ಮ್ಯಾಲೆ ಆಕ್ಕೋತಾನೆ."

ಸಿಸ್ಟರ್ ಅವರ ಮಣಿಕಟ್ಟು ಹಿಡಿದರು. ನಾಡಿ ಓಡುತ್ತಿತ್ತು.

"ಎದೆ ಯಾಕೆ ಹಿಂಗೆ ಹೊಡ್ಕೋತಿದೆ?"

"ಹಬ್ಬ ಅಲ್ವಾ ಸಿಸ್ಟರ್, ಅದ್ಕೇಯ" ಎಂದು ಹೆಂಡತಿ ಬಸಮ್ಮ ನಕ್ಕರು.

ಸಿಸ್ಟರ್ ನಗಲಿಲ್ಲ. ಭಾಗಿಸಲು ಬಿ.ಪಿ. ಬೇಕಿತ್ತು. ನೇರವಾಗಿ ದೇವರ ಮುಂದೆ ಹೋಗಿ ಯಂತ್ರಕ್ಕೆ ಕೈ ಹಾಕಿದರು.

"ಮಂಗಳಾರತಿ ಆಗಿಲ್ಲ ಕಣೇ ಪ್ರೇಮಾ" ಎಂದು ಹಿರಿಯ ಸಿಸ್ಟರ್ ನಾಗಮಣಿ ತಡೆದರು.

"ಕೆಲ್ಸ ಮಾಡ್ಲಿ ಅಂತ ತಾನೇ ಅಕ್ಕಾ ಪೂಜೆ? ಮಾಡ್ಲಿ ಬುಡಿ."

ಯಂತ್ರದ ಪಟ್ಟಿಯ ಕುಂಕುಮ ನಿಂಗಯ್ಯನವರ ತೋಳಿಗೂ ಹತ್ತಿತು. ಬಿ.ಪಿ. ನೂರಹತ್ತು, ನಾಡಿ ನೂರಹದಿನೆಂಟು. ಬಿ.ಪಿ.ಯೊಂದನ್ನೇ ನೋಡಿದ್ದರೆ ಯಾರೂ ಹೆದರುತ್ತಿರಲಿಲ್ಲ. ಭಾಗಿಸಿದರೆ ಉತ್ತರ ಒಂದನ್ನು ದಾಟಿತ್ತು. ಆಪರೇಷನ್ ಆಗುವುದಾದರೆ ಹೊಟ್ಟೆ ಖಾಲಿ ಇರಬೇಕೆಂದು, ಬಸಮ್ಮ ಗಂಡನ ಬಾಯಿಗೆ ಹಿಡಿದಿದ್ದ ಕಾಫಿಯನ್ನು ಕಿತ್ತುಕೊಂಡು ಸಿಸ್ಟರ್ ಫೋನಿಗೆ ಓಡಿದರು.

"ಸರ್, ಒಂದು ದಾಟಿದೆ. ಪಕ್ಕೆಗೆ ಏಟು ಬಿದ್ದೋರದ್ದು."

"ಥಿಯೇಟರ್ ರೆಡಿ ಮಾಡಿ. ಬಂದೆ."

ಡಾಕ್ಟರು ಹೊಟ್ಟೆಗೆ ಸೂಜಿ ಚುಚ್ಚಿ ಎಳೆದರೆ ಸಿರಿಂಜು ಕೆಂಪಾಯಿತು. ಎಡ ಪಕ್ಕೆಯ ಒಳಗಿನ ಗುಲ್ಮ, ಅಂದರೆ ಸ್ಪ್ಲೀನ್, ಹರಿದು ಹೊಟ್ಟೆಯೊಳಗೆ ರಕ್ತ ತುಂಬುತ್ತಿತ್ತು. ಅಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದ ನಾನು ಅವರ ರಕ್ತದ ಮಾದರಿ ಹಿಡಿದು, ಚೆಂಡುಹೂವಿನ ಹಾರ ಹಾಕಿಕೊಂಡಿದ್ದ ಆಟೋದಲ್ಲಿ ರಕ್ತನಿಧಿಗೆ ಹಾರಿದೆ. ರಕ್ತ ತಂದು ಥಿಯೇಟರ್ ಬಾಗಿಲಲ್ಲಿ ಕೊಟ್ಟು ಅಲ್ಲೇ ನಿಂತೆ; ಒಳಗೆ ಆಪರೇಷನ್ ನಡೆಯುತ್ತಿತ್ತು.

"ಎಷ್ಟು?" ಡಾಕ್ಟರು ತಲೆ ಎತ್ತದೆ ಕೇಳುತ್ತಿದ್ದರು.

"ಒಂದೂ ಕಾಲು ಸರ್."

ಕತ್ತರಿಯ ಸದ್ದು.

"ಈಗ?"

"ಒಂದು."

ನಾನು ತಂದ ರಕ್ತ ನಿಂಗಯ್ಯನವರ ತೋಳಿಗೆ ಹನಿಯುತ್ತಲೇ ಇತ್ತು.

"ಮುಕ್ಕಾಲು ಸರ್" ಎಂದರು ಸಿಸ್ಟರ್. ಡಾಕ್ಟರು ತಲೆ ಎತ್ತಿದರು.

ನಾನು ಹೊರಗೆ ಓಡಿದೆ. "ಬಸಮ್ಮಾ, ಮುಕ್ಕಾಲಿಗೆ ಬಂತು ಕಣಮ್ಮ."

"ಅಯ್ಯೋ, ಮಿಕ್ಕಿದ್ ಕಾಲು ಏನಾಯ್ತು ಸಾಮಿ?"

"ಅಷ್ಟೇ ಇರ್ಬೇಕಮ್ಮ. ಉಳ್ಕೊಂಡ್ರು."