ಟೀಚರ್ ಸ್ವರ ಹೋದ ತಿಂಗಳು

ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಬೊಬ್ಬೆ ಹೊಡೆಯುವವರು ಯಾರು? ಬೇಗ ಹೇಳಿ. ನಿಮ್ಮ ಹೆಸರೇ ಬಾಯಿಗೆ ಬಂದರೆ ನುಂಗಿಕೊಳ್ಳಿ, ನಾನು ಯಾರಿಗೂ ಹೇಳುವುದಿಲ್ಲ.

ನಮ್ಮ ಮನೆಯಲ್ಲಿ ಅದು ನನ್ನ ಮಗಳು ಸುಚಿತ್ರಾ. ಅಬುಧಾಬಿಯ ಒಂದು ಶಾಲೆಯಲ್ಲಿ ಮೂರನೇ ಕ್ಲಾಸಿನ ಟೀಚರ್. ಅಳಿಯ ಸತೀಶ ದೂರದ ರುವೈಸ್ ಎಂಬ ಊರಲ್ಲಿ ಕಂಪನಿ ಕ್ವಾರ್ಟರ್ಸಿನಲ್ಲಿದ್ದು, ಶುಕ್ರವಾರ ಸಂಜೆ ಬಂದು ಭಾನುವಾರ ಹೊರಟುಬಿಡುವವನು. ಹಾಗಾಗಿ ಮನೆ, ಶಾಲೆ, ಒಂಬತ್ತು ವರ್ಷದ ಮೊಮ್ಮಗಳು ಅನ್ವಿ, ಆಮೇಲೆ ನಾನು, ಎಲ್ಲ ನಡೆಯುವುದು ಸುಚಿಯ ಸ್ವರದ ಮೇಲೆ. ಬೆಳಿಗ್ಗೆ ಅವಳು ಅಡುಗೆಮನೆಯಿಂದ ಕರೆದರೆ ಮೇಲಿನ ಫ್ಲ್ಯಾಟಿನ ಮಕ್ಕಳೂ ಶೂ ಹಾಕಿಕೊಳ್ಳುತ್ತಿದ್ದರು.

ಆ ತಿಂಗಳು ಪರೀಕ್ಷೆ, ಸ್ಕೂಲ್ ಡೇ ಎರಡೂ ಒಟ್ಟಿಗೆ ಬಂದಿದ್ದವು. ಹಗಲು ಡಾನ್ಸ್ ಪ್ರಾಕ್ಟೀಸಿನಲ್ಲಿ ಮಕ್ಕಳನ್ನು ಸಾಲಿನಲ್ಲಿ ನಿಲ್ಲಿಸುವುದು, ಸಂಜೆ ಅನ್ವಿಗೆ ಪಾಠ, ಊಟದ ಹೊತ್ತಿಗೆ ಮಕ್ಕಳ ಅಪ್ಪ ಅಮ್ಮಂದಿರ ಫೋನು. ಗಂಟಲು ಒರಟಾಗಿತ್ತು. ಎಸಿ ಗಾಳಿ ಎಂದಳು. ನಾನು ಕಾಳುಮೆಣಸು ಜಜ್ಜಿ ಕಷಾಯ ಮಾಡಿ ಕೊಟ್ಟೆ.

"ಅಮ್ಮ, ಇದು ಕಷಾಯವಾ ಸಾರಾ? ಅನ್ನ ಹಾಕಿ ಉಣ್ಬೇಕಾ?"

ಎದುರುತ್ತರ ಇಲ್ಲದೆ ಅವಳಿಗೆ ಕಷಾಯವೂ ಇಳಿಯುವುದಿಲ್ಲ. ಸಣ್ಣವಳಿದ್ದಾಗಿನಿಂದ ಹಾಗೆಯೇ. ಈ ಬಾಯಿ ಒಂದು ಗಳಿಗೆ ಸುಮ್ಮನಿದ್ದರೆ ಸಾಕು ದೇವರೇ ಎಂದು ನಾನು ಎಷ್ಟು ಸಲ ಹೇಳಿದ್ದೇನೋ.

ಸೋಮವಾರ ಬೆಳಿಗ್ಗೆ ಅನ್ವಿಯನ್ನು ಕರೆಯಲು ಬಾಯಿ ತೆರೆದಳು.

ಸ್ವರ ಇಲ್ಲ.

ಊದಲು ಬಾರದವರು ಶಂಖ ಊದಿದ ಹಾಗೆ, ಬರೀ ಗಾಳಿ. ಅವಳು ಮತ್ತೊಮ್ಮೆ ಪ್ರಯತ್ನಿಸಿದಳು. ಮತ್ತೂ ಗಾಳಿಯೇ. "ಜೋರು ಮಾತಾಡ್ಬೇಡ, ಪಿಸಿಪಿಸಿ ಹೇಳು, ಸಾಕು" ಎಂದೆ. ಹಾಗೆ ಪಿಸುಗುಟ್ಟುತ್ತಲೇ ಎರಡು ದಿನ ಶಾಲೆಗೆ ಹೋದಳು. ಆಮೇಲೆ ನೀರು ನುಂಗಿದರೂ ಕಣ್ಣಲ್ಲಿ ನೀರು ಬರತೊಡಗಿತು. ಅನ್ವಿಯನ್ನೂ ಕರೆದುಕೊಂಡು ಆಸ್ಪತ್ರೆಗೆ ಹೋದೆವು.

ಈಎನ್‌ಟಿ ಡಾಕ್ಟರ್ ಕೇರಳದ ಹೆಂಗಸು. ಮೂಗಿನೊಳಗಿಂದ ಸಪೂರ ಕ್ಯಾಮೆರಾ ಇಳಿಸಿದರು. ಸುಚಿ ನನ್ನ ಸೆರಗು ಹಿಡಿದುಕೊಂಡಳು. ನಲವತ್ತರ ಹೆಂಗಸು, ಮೂವತ್ತು ಮಕ್ಕಳನ್ನು ಕಣ್ಣಿನಲ್ಲೇ ಕೂರಿಸುವವಳು, ನನ್ನ ಸೆರಗು ಹಿಡಿದಳು. ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ತೆರೆದು ಮುಚ್ಚುತ್ತಿದ್ದವು. ಎರಡರ ಅಂಚಿಗೂ ಸಾಬಕ್ಕಿ ಕಾಳಿನಂಥದ್ದು ಅಂಟಿಕೊಂಡಿತ್ತು. ಡಾಕ್ಟರ್ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನಾನು ಅನ್ವಿಯ ಮುಖ ನೋಡಿದೆ.

"ನಾಡ್ಯೂಲ್ಸ್, ಅಜ್ಜಿ. ಲೈಕ್ ಸ್ಮಾಲ್ ಲಂಪ್ಸ್. ಗಂಟು ಗಂಟು."

ಗಂಟು.

ನಮ್ಮ ಕಡೆ ಈ ಶಬ್ದ ಬಂದರೆ ಅದರ ಮುಂದಿನ ಶಬ್ದವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನನ್ನ ನಾದಿನಿಗೂ ಮೊದಲು ಗಂಟು ಎಂದೇ ಹೇಳಿದ್ದರು. ನಾನು ಕುರ್ಚಿ ಹುಡುಕಿ ಕೂತೆ. ಡಾಕ್ಟರ್ ನನ್ನನ್ನು ನೋಡಿ ಇಂಗ್ಲಿಷ್ ಬಿಟ್ಟು ಹಿಂದಿಯಲ್ಲಿ ಹೇಳಿದರು. "ಕ್ಯಾನ್ಸರ್ ನಹೀ ಹೈ, ಅಮ್ಮಾ. ಟೀಚರ್ ಲೋಗೋಂ ಕೋ ಹೋತಾ ಹೈ." ಕ್ಯಾನ್ಸರ್ ಅಲ್ಲ, ಟೀಚರುಗಳಿಗೆ ಬರುವಂಥದ್ದು, ಕೈಗೆ ಜಡ್ಡು ಕಟ್ಟುವ ಹಾಗೆ ಕೂಗಿ ಕೂಗಿ ಗಂಟಲಿಗೆ ಕಟ್ಟಿದ್ದಂತೆ. ಒಂದು ವಾರ ಪೂರ್ತಿ ಮೌನ. ಚಾ, ಕಾಫಿ ಬಂದ್. ಪಿಸುಗುಟ್ಟುವುದಂತೂ ಬೇಡವೇ ಬೇಡ, ಅದರಿಂದ ಗಂಟಲಿಗೆ ಇನ್ನೂ ಹೆಚ್ಚು ಪೆಟ್ಟು. ಆ ಮಾತು ಬಂದಾಗ ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದೆ. ಆಮೇಲೆ ಸ್ಪೀಚ್ ಥೆರಪಿ. ಇಳಿಯದಿದ್ದರೆ ಆಪರೇಷನ್, ಕ್ಲಾಸಿನಿಂದ ಬಹಳ ಕಾಲ ದೂರ.

ಟ್ಯಾಕ್ಸಿಯಲ್ಲಿ ಸುಚಿ ಫೋನಿನಲ್ಲಿ ಏನೋ ಬರೆದು ನನ್ನ ಕಣ್ಣೆದುರು ಹಿಡಿದಳು.

"ಸ್ವರ ಇಲ್ಲದ ಟೀಚರ್ ಎಂತ ಟೀಚರ್ ಅಮ್ಮ?"

ನಾನು ಅವಳ ಕೈ ಹಿಡಿದು ಕೂತೆ, ಅಷ್ಟೆ.

ಮನೆಗೆ ಬಂದ ಮೇಲೆ ಹೊಸ ತೊಂದರೆ. ನಾನು ಏನಾದರೂ ಹೇಳಿದೊಡನೆ ಅವಳ ಬಾಯಿ ತನ್ನಷ್ಟಕ್ಕೆ ತೆರೆದುಕೊಳ್ಳುತ್ತಿತ್ತು. ಕೊನೆಗೆ ಬರೆದು ತೋರಿಸಿದಳು: "ನೀನು ಮಾತಾಡಬೇಡ. ನೀನು ಮಾತಾಡಿದರೆ ನನಗೆ ಉತ್ತರ ಕೊಡದೆ ಇರ್ಲಿಕ್ಕೆ ಆಗುವುದಿಲ್ಲ."

ಕಾಯಿಲೆ ಅವಳಿಗೆ, ಪಥ್ಯ ನನಗೆ.

"ಖಲಾಸ್ ಅಜ್ಜಿ, ನೋ ಟಾಕಿಂಗ್" ಎಂದು ಅನ್ವಿ ನನ್ನ ಫೋನಿಗೆ ಕನ್ನಡ ಹಾಕಿಕೊಟ್ಟಳು. ಅದುವರೆಗೆ ನನಗೆ ಗೊತ್ತಿದ್ದದ್ದು ಹಸಿರು ಬಟನ್ ಒತ್ತುವುದು ಮಾತ್ರ. ನನ್ನ ಬೆರಳು ಒಂದು ಅಕ್ಷರ ಒತ್ತಿದರೆ ಎರಡು ಬೀಳುತ್ತಿದ್ದವು. ಒತ್ತಕ್ಷರ ಎಲ್ಲಿ ಅಡಗಿದೆಯೋ ದೇವರಿಗೇ ಗೊತ್ತು. ಅನ್ವಿ ಉಪಾಯ ಹೇಳಿದಳು. ಅರ್ಧ ಶಬ್ದ ಬರೆದರೆ ಸಾಕು, ಪೂರ್ತಿ ಶಬ್ದ ಮೇಲೆ ತಾನೇ ಬರುತ್ತದೆ, ಅದನ್ನು ಒತ್ತಬೇಕು. ಇಷ್ಟು ಸುಲಭವೇ ಎಂದುಕೊಂಡೆ.

ಮನೆ ಸುಮ್ಮನಾಯಿತು. ಫ್ರಿಜ್ಜಿಗೆ ಒಂದು ಸದ್ದು ಇದೆ ಎಂದು ನನಗೆ ಆ ವಾರವೇ ಗೊತ್ತಾದದ್ದು. ಸುಚಿ ರಜೆಯಲ್ಲಿದ್ದರೂ ಪೇಪರ್ ತಿದ್ದುತ್ತಿದ್ದಳು. ಒಂದು ಸಂಜೆ ಅವಳು ಕಿಟಕಿಯ ಹತ್ತಿರ ನಿಂತು ತುಟಿ ಮಾತ್ರ ಅಲ್ಲಾಡಿಸುತ್ತಿದ್ದಳು. ಜಪವೇನೋ ಎಂದುಕೊಂಡೆ. ಹತ್ತಿರ ಹೋದಾಗ ಗೊತ್ತಾಯಿತು, ಕ್ಲಾಸಿನ ಹಾಜರಿ. ಮಕ್ಕಳ ಹೆಸರು ಒಂದೊಂದಾಗಿ ಕರೆಯುತ್ತಿದ್ದಳು, ಸ್ವರವಿಲ್ಲದೆ. ನಾನು ಸದ್ದಾಗದಂತೆ ಹಿಂದೆ ಬಂದೆ. ಎಷ್ಟೋ ವರ್ಷ ಯಾವ ಬಾಯಿ ಸುಮ್ಮನಿರಲಿ ಎಂದು ಬೇಡಿದ್ದೆನೋ, ಅದೇ ಬಾಯಿಂದ ಒಂದು ಬೈಗಳು ಬಂದರೂ ಸಾಕು ಎಂದು ಅವತ್ತು ದೀಪ ಹಚ್ಚಿದೆ.

ಸತೀಶ ದಿನಾ ರುವೈಸಿನಿಂದ ಫೋನ್ ಮಾಡುತ್ತಿದ್ದ. ಅವನು ಮಾತಾಡುವುದು, ಇವಳು ಸ್ಟೀಲ್ ಲೋಟಕ್ಕೆ ಚಮಚ ಬಡಿಯುವುದು. ಹೌದಿಗೆ ಒಂದು, ಇಲ್ಲಕ್ಕೆ ಎರಡು.

"ನನ್ನ ನೆನಪು ಆಗ್ತದಾ?" ಎಂದು ಅವನು ಕೇಳಿದ.

ಟಿಣ್, ಟಿಣ್.

"ಸ್ವರ ಹೋದ್ರೂ ಎದುರುತ್ತರ ಹೋಗ್ಲಿಲ್ಲ ಇವಳದ್ದು" ಎಂದು ಅವನು ನಗುವುದು ನನಗೂ ಕೇಳಿಸಿತು.

ಊರಿಂದ ಫೋನುಗಳು ಬರತೊಡಗಿದವು. ಸುಚಿ ಯಾಕೆ ಎತ್ತುವುದಿಲ್ಲ ಎಂದು ಎಲ್ಲರೂ ಕೇಳುವವರೇ. ನನಗೀಗ ಟೈಪಿಂಗ್ ಬರುತ್ತದಲ್ಲ, ಕುಟುಂಬದ ಗ್ರೂಪಿಗೆ ನಾನೇ ಬರೆದು ಹಾಕಿದೆ. ಹಾಕಿ, ಮೀನು ಮಾರ್ಕೆಟಿನಿಂದ ತಂದ ಬಂಗುಡೆ ಶುದ್ಧ ಮಾಡಲು ಕೂತೆ. ಐದು ನಿಮಿಷ ಆಗಲಿಲ್ಲ, ಕಾಪುವಿನಿಂದ ನನ್ನ ತಂಗಿ ಗುಲಾಬಿಯ ಫೋನು. ಅಳುತ್ತಿದ್ದಳು.

"ಅಕ್ಕ, ಯಾವಾಗ ಆದದ್ದು?"

"ಸೋಮವಾರ ಬೆಳಿಗ್ಗೆ. ಅನ್ವಿಯನ್ನು ಕರೀಲಿಕ್ಕೆ ಬಾಯಿ ತೆರೆದ್ಲು, ಹೋಯ್ತು."

"ಅಯ್ಯೋ ದೇವ್ರೇ. ನೀನೆಂತ ಮಾರಾಯ್ತಿ ಇಷ್ಟು ಸಲೀಸಾಗಿ ಹೇಳ್ತಿ?"

"ಅತ್ತು ಎಂತ ಮಾಡುದು? ವಾಪಸ್ ಬರ್ತದಂತೆ. ಡಾಕ್ಟ್ರು ಹೇಳಿದ್ದಾರೆ."

ಆ ಕಡೆ ಅಳು ನಿಂತಿತು.

"ವಾಪಸ್?"

"ಹೂಂ. ಬರದಿದ್ರೆ ಆಪರೇಷನ್ ಉಂಟು."

ಅಷ್ಟರಲ್ಲಿ ಸುಚಿ ತನ್ನ ಫೋನ್ ಹಿಡಿದು ಅಡುಗೆಮನೆಗೆ ಓಡಿ ಬಂದಳು. ಗ್ರೂಪಿನಲ್ಲಿ ನಾನು ಬರೆದದ್ದನ್ನು ತೋರಿಸಿದಳು. "ಸುಚಿ ಸ್ವರ ಹೋಯಿತು" ಎಂದು ಬರೆಯಲು ಅರ್ಧ ಒತ್ತಿ, ಮೇಲೆ ಬಂದ ಶಬ್ದ ಒತ್ತಿದ್ದೆ.

"ಸುಚಿ ಸ್ವರ್ಗ ಹೋಯಿತು. ಮಾತಿಲ್ಲ. ಯಾರೂ ಫೋನ್ ಮಾಡಬೇಡಿ."

ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು.

ಸುಚಿ ಗಂಟಲು ಹಿಡಿದುಕೊಂಡು ನೆಲಕ್ಕೆ ಕೂತಳು. ನಗುವುದಕ್ಕೂ ಡಾಕ್ಟರ ಅಪ್ಪಣೆ ಇರಲಿಲ್ಲ. ಮೈ ಕುಣಿಯುತ್ತಿತ್ತು, ಕಣ್ಣೀರು ಇಳಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ನಾನು ಗುಲಾಬಿಗೆ ವಿಷಯ ಬಿಡಿಸಿ ಹೇಳಿದೆ. ಅವಳು ನಂಬಲಿಲ್ಲ.

"ನೀನು ಸಮಾಧಾನ ಮಾಡ್ತಾ ಇದ್ದಿ. ಅವಳಿಗೆ ಫೋನ್ ಕೊಡು. ಸ್ವರ ಕೇಳ್ಬೇಕು ನಂಗೆ."

ಅದೊಂದೇ ಕೊಡಲಿಕ್ಕೆ ನಮ್ಮಲ್ಲಿ ಇರಲಿಲ್ಲ. ಸುಚಿ ಲೋಟ ಚಮಚ ತಂದು ಫೋನಿನ ಹತ್ತಿರ ಹಿಡಿದಳು.

"ಜೀವ ಉಂಟಾ ಮಗಾ?"

ಟಿಣ್.

"ಇದೆಂತ ಪೂಜೆಯ ಗಂಟೆಯಾ?" ಎಂದು ಗುಲಾಬಿ ಮತ್ತೆ ಅಳಲು ಶುರು ಮಾಡಿದಳು. ಅನ್ವಿ ಬಂದು ವಿಡಿಯೋ ಹಾಕಿದ ಮೇಲೆ ಎಲ್ಲ ಸರಿಯಾಯಿತು. ನನ್ನ ಮರ್ಯಾದೆ ಬಿಟ್ಟು.

ವಾರ ಮುಗಿದ ಮೇಲೆ ಮತ್ತೆ ಕ್ಯಾಮೆರಾ ಇಳಿಸಿದರು. ಈ ಸಲ ನಾನೇ ಅವಳ ಕೈ ಹಿಡಿದಿದ್ದೆ. ಊತ ಇಳಿದಿದೆ, ಕಾಳು ಸಣ್ಣದಾಗಿದೆ, ಸದ್ಯಕ್ಕೆ ಆಪರೇಷನ್ ಬೇಡ ಎಂದರು ಡಾಕ್ಟರ್. ಪೂರ್ತಿ ಹೋಗಿಲ್ಲ, ಕೂಗಿದರೆ ಪುನಃ ಬರುತ್ತದೆ. ಸ್ಟ್ರಾ ಹಾಕಿ ನೀರಿಗೆ ಊದಿ ಗುಳುಗುಳು ಮಾಡುವ ವ್ಯಾಯಾಮ ದಿನಾ ಮಾಡಬೇಕು. ಮನೆಯಲ್ಲಿ ಅಷ್ಟಷ್ಟೇ ಮಾತು. ಶಾಲೆಗೆ ಹೋಗಬಹುದು, ಆದರೆ ಕತ್ತಿಗೆ ಸಣ್ಣ ಮೈಕ್ ಹಾಕಿಕೊಂಡು. ಚಾ ಮಾತ್ರ ಇನ್ನೂ ಬೇಡ. ಅಷ್ಟು ಸಿಕ್ಕಿತಲ್ಲ ಎಂದು ನಾನು ಅಲ್ಲಿಯೇ ಕೈಮುಗಿದೆ, ಆ ಪರದೆಗೆ.

ಮನೆಗೆ ಬಂದು ನನಗೊಂದು ಲೋಟ ಚಾ ಮಾಡಿಕೊಂಡು, ಅವಳಿಗೆ ಉಗುರುಬೆಚ್ಚಗಿನ ನೀರು ಕೊಟ್ಟು, ಎದುರು ಕೂತೆ. ವರ್ಷದ ಮಗು ಮೊದಲ ಸಲ ಅಮ್ಮ ಎನ್ನುವುದನ್ನು ಕಾಯುವ ಹಾಗೆ ಕಾದೆ.

"ಎಂತ ಸುಚಿ, ಬಂತಾ ಸ್ವರ? ಒಂದು ಮಾತಾಡು ನೋಡುವ."

ಅವಳು ನನ್ನ ಲೋಟ ನೋಡಿದಳು. ತನ್ನ ಲೋಟ ನೋಡಿದಳು. ಸಪೂರ ಸ್ವರ, ಅಂಚಿನಲ್ಲಿ ಸ್ವಲ್ಪ ಒಡೆದದ್ದು, ಆದರೆ ಅವಳದ್ದೇ.

"ಸ್ವರ್ಗದಲ್ಲಿ ಚಾ ಆದ್ರೂ ಕೊಡ್ತಾ ಇದ್ರು ಅಮ್ಮ."