ಹರ್ತಿಯಲ್ಲಿ ಸದ್ದಿಲ್ಲದ ಕರೆ

ಹರ್ತಿ ಪಂಚಾಯ್ತಿಗೆ ಫೈಬರ್ ಲೈನ್ ಜೋಡಿಸಿ ಪರೀಕ್ಷಿಸುತ್ತಿದ್ದೆ. ಹೆಂಗಸೊಬ್ಬಳು ತನ್ನ ಅತ್ತೆಯನ್ನು ಕರೆತಂದು, ಲಕ್ಷ್ಮೇಶ್ವರದಲ್ಲಿರುವ ಅತ್ತೆಯ ತಂಗಿಗೆ ವಿಡಿಯೊ ಕಾಲ್ ಹಚ್ಚಿಕೊಡಲು ಕೇಳಿದಳು. ಹಚ್ಚಿದೆ. ಕಚೇರಿಯ ಕಂಪ್ಯೂಟರ್ ಪರದೆಯಲ್ಲಿ ತಂಗಿಯ ಮುಖ ಬಂತು, ದನಿ ಬರಲಿಲ್ಲ. ದನಿ ಸಣ್ಣದಾಗಿರಬೇಕೆಂದು ವಾಲ್ಯೂಮ್ ಏರಿಸುತ್ತಲೇ ಹೋದೆ.

"ದನಿ ಬ್ಯಾಡ್ರಿ. ಇಬ್ಬರಿಗೂ ಹುಟ್ಟಿದಾಗಿಂದ ಕಿವಿ ಕೇಳಂಗಿಲ್ಲ. ಮೊಬೈಲ್‌ನ್ಯಾಗ ಚಿತ್ರ ನಿಂತಬಿಡತಿತ್ತು. ಇಲ್ಲಿ ನಿಂದರದಂಗ ನೋಡ್ಕೊಳ್ರಿ, ಸಾಕು," ಎಂದಳು ಸೊಸೆ.

ಆಗ ಕೈಗಳನ್ನು ನೋಡಿದೆ. ಅಕ್ಕ ಗಾಳಿಯಲ್ಲೇ ರೊಟ್ಟಿ ಬಡಿದು, ಹೊಟ್ಟೆ ಮುಟ್ಟಿಕೊಂಡು, ಹುಬ್ಬೇರಿಸಿದಳು. ತಂಗಿ ಹೊಟ್ಟೆ ಸವರಿಕೊಂಡು ನಕ್ಕಳು. ಊಟ ಆಗಿತ್ತು.

ಆ ಮನೆಗೆ ಫೋನ್ ಬಂದು ಎಷ್ಟೋ ವರ್ಷಗಳಾಗಿದ್ದವು. ಅವರಿಬ್ಬರಿಗೆ ಬಂದದ್ದು ಅವತ್ತು. ಈಗ ಹೊಸ ಲೈನ್ ಜೋಡಿಸಿದರೆ ನಾನು ಮೊದಲು 'ಹಲೋ' ಅನ್ನುವುದಿಲ್ಲ. ಕೈ ಬೀಸುತ್ತೇನೆ.