ಮ್ಯೂಸಿಯಂ ಸೇರಿದ ಹೋರಿ

ಆ ಊರಿನ ಟ್ಯಾಕ್ಸಿಗಳೆಂದರೆ ಈಗಲೂ ಮೂಗಿಗೆ ಬರುವುದು ಹಳಸಿದ ಚುಟ್ಟಾದ ನಾತ. ಸೀಟಿಗೆ ಯಾರ ಯಾರದೋ ತಲೆಯೆಣ್ಣೆ ಮೆತ್ತಿರುತ್ತಿತ್ತು. ನಾನು ಕರವಸ್ತ್ರ ಹಾಸಿಕೊಂಡೇ ಕೂರುತ್ತಿದ್ದೆ.

ಹುಣಸೂರಿನ ಬಳಿಯ ಸರ್ಕಾರಿ ದನದ ಕಾವಲಿನಲ್ಲಿ ನಾನು ಗುಮಾಸ್ತ. ದಕ್ಷಿಣ ಅಮೆರಿಕದ ಜಮೀನ್ದಾರನೊಬ್ಬ ನಮ್ಮ ಹಳ್ಳಿಕಾರ್ ಹೋರಿಗಳನ್ನು ಕೊಂಡಾಗ, ಕಾಗದಪತ್ರ ನೋಡಿಕೊಳ್ಳಲು ನನ್ನನ್ನೂ ಮೇವು ನೀರು ನೋಡಿಕೊಳ್ಳಲು ಕಾವಲಿನ ಹಿರಿಯ ದನಗಾಹಿಯನ್ನೂ ಹಡಗು ಹತ್ತಿಸಿದರು. ಅಲ್ಲಿಯ ಬಂದರಿನಲ್ಲಿ ಇಳಿದ ಮೂರನೆಯ ದಿನವೇ, ಜಮೀನ್ದಾರನಿಗೆ ಒಪ್ಪಿಸುವ ಮುಂಚೆ, ಅವುಗಳಲ್ಲಿ ದೊಡ್ಡದಾದ ಬೀಜದ ಹೋರಿ ಸತ್ತಿತು. ಬಂದರಿನ ಅಧಿಕಾರಿಗಳು ನನ್ನ ಮುಂದೆ ಒಂದು ಕಾಗದ ಇಟ್ಟರು. ಅವರ ಭಾಷೆಯ ಒಂದಕ್ಷರವೂ ನನಗೆ ತಿಳಿಯದು. ಆದರೆ ನೇರವಾದ ಗೆರೆಗಳು, ರುಜುವಿಗೆ ಬೇರೆ ಜಾಗ, ಮೊಹರಿಗೆ ಬೇರೆ ಜಾಗ. ಅಷ್ಟು ಅಚ್ಚುಕಟ್ಟಾದ ಕಾಗದವನ್ನು ನಾನು ನಮ್ಮ ಕಚೇರಿಯಲ್ಲೂ ಕಂಡಿರಲಿಲ್ಲ. ರುಜು ಹಾಕಿ ಮೊಹರು ಒತ್ತಿದೆ. ಹೆಣವನ್ನು ಲಾರಿಯಲ್ಲಿ ಒಯ್ದರು. ಎಲ್ಲಿಗೆ ಎಂದು ಸನ್ನೆಯಲ್ಲಿ ಕೇಳಿದರೆ, ಮ್ಯೂಸಿಯಂಗೆ ಎಂದರು.

ನಮ್ಮ ಕಾವಲಿನಲ್ಲಿ ಬೀಜದ ಹೋರಿ ಸತ್ತರೆ ಚರ್ಮ ಸುಲಿಯುವುದಿಲ್ಲ. ಗುಂಡಿ ತೋಡಿ, ಉಪ್ಪು ಸುರಿದು ಹೂಳುತ್ತಾರೆ. ಹಾಗೆ ಮಣ್ಣು ಮಾಡದೆ ಬಂದ ದನಗಾಹಿಯನ್ನು ಹಟ್ಟಿಯವರು ಮತ್ತೆ ಮಂದೆಯ ಮುಂದೆ ನಡೆಯಗೊಡುವುದಿಲ್ಲ. ಜೀವಮಾನವೆಲ್ಲ ಮುಂದೆ ನಡೆದಿದ್ದ ಮುದುಕ ಅನ್ನ ಬಿಟ್ಟು ಕೂತ. ನಮ್ಮ ಹಡಗು ಹೊರಡಲು ಒಂದೇ ದಿನ ಉಳಿದಿತ್ತು. ಬೆಳಿಗ್ಗೆ ಏಳಕ್ಕೆ, ಕ್ಷೌರ ಸ್ನಾನ ಮುಗಿಸಿ, ಅವನನ್ನೂ ಅವನ ಉಪ್ಪಿನ ಚೀಲವನ್ನೂ ಟ್ಯಾಕ್ಸಿಗೆ ಹತ್ತಿಸಿ ‘ಮ್ಯೂಸಿಯಂ’ ಎಂದೆ.

ಡ್ರೈವರ್ ಹಲ್ಲು ಕಿರಿದು, ಒಂದೇ ಚೌಕವನ್ನು ಮೂರು ಸಲ ಸುತ್ತಿಸಿ, ಕಿಟಕಿಯಾಚೆ ಉಗುಳುತ್ತ, ಯಾವುದೋ ಹಳೆಯ ಅರಮನೆಯ ಮುಂದೆ ಇಳಿಸಿದ. ಒಳಗೆ ಸತ್ತ ದೊರೆಗಳ ಕತ್ತಿ, ಬೂಟು, ಬೆವರಿನ ಕಲೆ ಹೋಗದ ಅಂಗಿ. ಒಂದು ಗಾಜಿನ ಪೆಟ್ಟಿಗೆಯಲ್ಲಿ, ಮಖಮಲ್ಲಿನ ಮೇಲೆ, ದೊರೆ ರಾತ್ರಿ ಮೂತ್ರ ಮಾಡುತ್ತಿದ್ದ ಪಾತ್ರೆ.

‘ಥೂ! ಉಚ್ಚೆ ಪಾತ್ರೆಗೆ ಮಖಮಲ್ ಆಸವ್ರಲ್ಲ ಬುದ್ದಿ,’ ಎಂದ ಮುದುಕ. ‘ನಮ್ಮೂರ್ ಜಟಕಾ ಕುದ್ರೇಗಾದ್ರೂ ದಾರಿ ಗೊತ್ತು ಕಣ್ ಬುದ್ದಿ. ಈ ನನ್ಮಗುಂಗೆ ಅದೂ ಇಲ್ಲ.’

ಎರಡನೆಯ ಟ್ಯಾಕ್ಸಿಯವನಿಗೆ ಕೊಂಬಿನ ಚಿತ್ರ ಬರೆದು ತೋರಿಸಿದೆ. ಅವನು ಸರಿಯಾದ ಕಡೆಗೇ ಒಯ್ದ. ಸಾಲುಸಾಲು ಗಾಜಿನ ಜಾಡಿಗಳಲ್ಲಿ ಹಾವು, ಕಪ್ಪೆ, ಹುಟ್ಟುವ ಮುಂಚೆ ಸತ್ತ ಕರು. ಜನ ಅವುಗಳ ಮುಂದೆ ನಿಂತೇ ಮಿಠಾಯಿ ತಿನ್ನುತ್ತಿದ್ದರು. ಇಂಗ್ಲಿಷ್ ಬಲ್ಲ ಮೇಲಧಿಕಾರಿಯೊಬ್ಬ ನಮ್ಮನ್ನು ಹಿತ್ತಲ ಕೋಣೆಗೆ ಕರೆದೊಯ್ದ. ನಮ್ಮ ಹೋರಿಯ ಚರ್ಮ ಪಟಿಕದ ನೀರಿನ ತೊಟ್ಟಿಯಲ್ಲಿ ನೆನೆಯುತ್ತಿತ್ತು. ತಲೆಬುರುಡೆ ಹಂಡೆಯಲ್ಲಿ ಕುದಿಯುತ್ತಿತ್ತು. ನಾನು ಕರವಸ್ತ್ರ ತೆಗೆದು ಮೂಗಿಗೆ ಒತ್ತಿಕೊಂಡೆ.

ಹೆಣ ವಾಪಸು ಕೊಡಿ ಎಂದೆ. ಆತ ನಾನು ರುಜು ಹಾಕಿದ ಕಾಗದ ತೆಗೆದು ಅರ್ಥ ಹೇಳಿದ: ಚರ್ಮ, ಕೊಂಬು, ಮೂಳೆ ಎಲ್ಲವನ್ನೂ ನಮ್ಮ ಇಲಾಖೆ ಮ್ಯೂಸಿಯಂಗೆ ದಾನ ಕೊಟ್ಟಿದೆ.

‘ಏನಂತೆ ಬುದ್ದಿ?’

ಹೇಳಿದೆ. ಮುದುಕ ನನ್ನ ಮುಖವನ್ನೇ ನೋಡಿದ. ‘ಓದಾಕ್ ಬರ್ದ ನಾನು ಎಬ್ಬೆಟ್ಟೊತ್ತಿದ್ರೆ ಒಂದ್ ಮಾತು. ನೀವೂ ಅಂಗೇ ಒತ್ತುಬುಟ್ರಾ?’

ಅವನು ಮೂಲೆಯ ಬಕೆಟ್ಟಿನತ್ತ ಕೈ ತೋರಿಸಿದ. ಚರ್ಮದಿಂದ ಹೆರೆದು ತೆಗೆದ ಮಾಂಸ, ಕೊಬ್ಬು, ನೊಣ. ‘ಅದನ್ನಾರ ಕೇಳಿ.’ ಕೇಳಿದೆ. ಕಸ ಹೊರುವ ಕೆಲಸ ತಪ್ಪಿತೆಂದು ಅವರು ನಗುತ್ತಲೇ ಕೊಟ್ಟರು.

ಬಕೆಟ್ ಕಂಡ ಇಬ್ಬರು ಟ್ಯಾಕ್ಸಿಯವರು ಮೂಗು ಮುಚ್ಚಿಕೊಂಡು ಹೊರಟುಹೋದರು. ಮೂರನೆಯವನು, ಬಕೆಟ್ಟನ್ನು ನಾನೇ ತೊಡೆಯ ಮೇಲೆ ಇಟ್ಟುಕೊಳ್ಳಬೇಕೆಂದು ಸನ್ನೆ ಮಾಡಿ ಹತ್ತಿಸಿಕೊಂಡ. ಪ್ರತಿ ತಿರುವಿನಲ್ಲೂ ಅದು ನನ್ನ ಇಸ್ತ್ರಿ ಪಂಚೆಯ ಮೇಲೆ ತುಳುಕಿತು. ಮುದುಕ ಬಕೆಟ್ಟಿನ ಅಂಚು ಹಿಡಿದು ಪಕ್ಕದಲ್ಲಿ ಕೂತಿದ್ದ.

ಊರಾಚೆ ಸಮುದ್ರದ ದಂಡೆಯ ಮೇಲೆ, ಅಲೆ ತಾಗದ ಕಡೆ, ಅವನು ಕೈಯಲ್ಲೇ ಗುಂಡಿ ತೋಡಿ ಉಪ್ಪು ಸುರಿದ. ‘ನೀವೇ ಆಕಿ ಬುದ್ದಿ. ಕೊಟ್ಟೋರು ನೀವು.’ ಬಕೆಟ್ ಬೋರಲು ಹಾಕಿದೆ. ತಳಕ್ಕೆ ಅಂಟಿದ್ದನ್ನು ಬೆರಳಲ್ಲೇ ಕೆರೆದು ಹಾಕಿದೆ. ಇಬ್ಬರೂ ಮರಳು ಮುಚ್ಚಿದೆವು.

‘ಹಟ್ಟೀಲಿ ಏನ್ ಹೇಳ್ತೀಯಪ್ಪ?’ ಎಂದು ಕೇಳಿದೆ.

‘ಮಣ್ ಮಾಡ್ದೊ ಅಂತೀನಿ. ಎಷ್ಟ್ ಮಾಡ್ದೊ ಅಂತ ಯಾರೂ ಕೇಳಾಕಿಲ್ಲ. ನೀವ್ ಮಾತ್ರ ಯೋಳ್ಬ್ಯಾಡಿ.’

ಊರಿಗೆ ಬಂದ ಮೇಲೆ ಅವನು ಮತ್ತೆ ಮಂದೆಯ ಮುಂದೆ ನಡೆದ. ಇಲಾಖೆಯ ವರದಿಯಲ್ಲಿ ನಾನು ‘ಹೋರಿಯನ್ನು ಕ್ರಮಪ್ರಕಾರ ಹೂಳಲಾಯಿತು’ ಎಂದು ಬರೆದು, ಕೆಳಗೆ ಎಂದಿನಂತೆ ಗೆರೆ ಎಳೆದು ರುಜು ಹಾಕಿದೆ. ನಾನು ಬರೆದ ಸಾವಿರಾರು ವರದಿಗಳಲ್ಲಿ ನನಗೆ ಹೇಸಿಗೆ ಹುಟ್ಟಿಸುವುದು ಅದೊಂದೇ. ತಿದ್ದಲು ಹೋಗಲಿಲ್ಲ.